ಚಿಲ್ಲರ್ ಮೆಲ್ಲಗೆ ಓಡಿದ ಬೇಸಿಗೆ

ಶಹಾಬಾದ್ ಹೊರವಲಯದ ನಮ್ಮ ಕಾರ್ಖಾನೆಯ ಚಿಲ್ಲರ್ ಮನೆಯಲ್ಲಿ ಮಾತಾಡಬೇಕೆಂದರೆ ಎದುರಿನವರ ಕಿವಿಗೆ ಬಾಯಿ ಹಚ್ಚಿ ಕೂಗಬೇಕಾಗಿತ್ತು. ನಾನು ಅಲ್ಲಿ ಇಂಜಿನಿಯರ್ ಆಗಿ ಸೇರಿದ ಮೊದಲ ವಾರ, ಸಂಜೆ ವಾಡಿಗೆ ಮರಳಿ ಊಟಕ್ಕೆ ಕೂತರೂ ಅದೇ ದನಿಯಲ್ಲಿ ಮಾತಾಡುತ್ತಿದ್ದೆ. ಗೂಡ್ಸ್ ಗಾಡಿ ಓಡಿಸುವ ನನ್ನ ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಾ ಇಲ್ಲೇ ಕುಂತೀನಲ್ಲ. ಸೊಲ್ಲಾಪುರದ ತನಕ ಯಾಕ್ ಕೂಗಾಕತ್ತಿ?" ಎಂದು ನಕ್ಕಿದ್ದರು.

ನಮ್ಮದು ಔಷಧಗಳಿಗೆ ಬೇಕಾಗುವ ಪುಡಿಗಳನ್ನು ತಯಾರಿಸುವ ಕಾರ್ಖಾನೆ. ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಪುಡಿ ಕೂಡಿಬರುವಾಗ ಅವು ಕೆಂಡದಂತೆ ಕಾಯುತ್ತವೆ. ಅವುಗಳ ಸುತ್ತ ಸದಾ ತಣ್ಣೀರು ಹರಿಯುತ್ತಿರಬೇಕು. ಆ ನೀರನ್ನು ತಣ್ಣಗೆ ಮಾಡುವುದೇ ಚಿಲ್ಲರಿನ ಕೆಲಸ. ಅಂಥವು ನಮ್ಮಲ್ಲಿ ಎರಡಿದ್ದವು, ಒಂದೊಂದೂ ಲಾರಿಯಷ್ಟು ಉದ್ದ. ಎರಡೂ ಹೊಸವು, ಸ್ಪೀಡನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಲ್ಲವು. ಕೆಲಸ ಕಡಿಮೆಯಿದ್ದಾಗ ತಾವೇ ನಿಧಾನವಾಗಿ ಕರೆಂಟು ಉಳಿಸುತ್ತವೆ ಎಂದು ಮಾರಿದವರು ಹೇಳಿ ಹೋಗಿದ್ದರಂತೆ. ಆದರೆ ನಾನು ಬಂದು ನೋಡಿದಾಗ ಅವು ಒಂದು ದಿನವೂ ನಿಧಾನವಾಗಿರಲಿಲ್ಲ. ಮಳೆಗಾಲವಿರಲಿ, ಚಳಿ ಬೆಳಗಿರಲಿ, ಸ್ಕ್ರೀನಿನ ಮೇಲೆ ಸ್ಪೀಡು ಯಾವಾಗಲೂ ನೂರರ ಹತ್ತಿರವೇ.

"ಇಡೀ ಫ್ಯಾಕ್ಟರಿ ಕರೆಂಟು ಇವೆರಡ ಕುಡೀತಾವ," ಎಂದರು ಮ್ಯಾನೇಜರ್. "ಹೊಸಾ ಮಷೀನ್ ತಂದು ಏನ್ ಉಪಯೋಗ ಆತು? ಇವನ್ನ ಮೆಲ್ಲಕ ಓಡಸೂದು ನಿಮ್ಮ ಜವಾಬ್ದಾರಿ, ಮೇಡಂ."

ಬೇರೆಯವರಾಗಿದ್ದರೆ ಇದೇನು ಗಂಟು ಬಿತ್ತು ಎನ್ನುತ್ತಿದ್ದರೇನೋ. ನನಗೆ ಮಾತ್ರ ಖುಷಿಯಿಂದ ಕೈಕಾಲು ನಿಲ್ಲಲಿಲ್ಲ. ಅಲ್ಲಿಯವರೆಗೆ ಬೇರೆಯವರು ಹೇಳಿದ ರಿಪೇರಿ ಮಾಡಿದ್ದೆನೇ ಹೊರತು, ಇದು ನಿನ್ನದು, ನೀನೇ ಯೋಚನೆ ಮಾಡು ಎಂದು ಯಾರೂ ಏನನ್ನೂ ಕೊಟ್ಟಿರಲಿಲ್ಲ.

ಯೋಚನೆ ಶುರುವಾದದ್ದು ನಮ್ಮೂರಿನ ಬಾವಿಯಿಂದ. ನಾನು ಹುಟ್ಟಿದ್ದು ಸೇಡಂ ತಾಲೂಕಿನ ಆಡಕಿಯಲ್ಲಿ. ಬೇಸಿಗೆ ಬಂತೆಂದರೆ ಬಾವಿಯ ನೀರು ತಳಕ್ಕಿಳಿಯುತ್ತಿತ್ತು, ಹಗ್ಗ ಜಗ್ಗಿ ಜಗ್ಗಿ ರಟ್ಟೆ ಬೀಳುತ್ತಿದ್ದವು. ಮಳೆಗಾಲದಲ್ಲಿ ಅದೇ ಕೊಡ ಅದೇ ಬಾವಿಯಿಂದ ಆಡುತ್ತಾ ಮೇಲೆ ಬರುತ್ತಿತ್ತು. ಚಿಲ್ಲರ್ ಮಾಡುವುದೂ ಅದನ್ನೇ. ಪಾತ್ರೆಗಳ ತಣ್ಣೀರಿನಲ್ಲಿರುವ ಬಿಸಿಯನ್ನು ಎತ್ತಿ, ಹೊರಗೆ ಕೂಲಿಂಗ್ ಟವರಿಗೆ ಹೋಗುವ ನೀರಿಗೆ ಸುರಿಯುತ್ತದೆ. ಒಳಗಿನ ನೀರು ಬಹಳ ತಣ್ಣಗಿದ್ದು ಹೊರಗಿನದು ಬಹಳ ಬೆಚ್ಚಗಿದ್ದರೆ ಬಾವಿ ಆಳವಾದ ಹಾಗೆ. ಎರಡೂ ಹತ್ತಿರ ಬಂದರೆ ಬಾವಿ ಮೇಲಕ್ಕೆ ಬಂದ ಹಾಗೆ, ಮಷೀನು ಜೀವ ಬಿಟ್ಟು ಓಡಬೇಕಾಗಿಲ್ಲ. ಹಾಗಾದರೆ ಇವು ಇಷ್ಟು ಜೋರಾಗಿ ಓಡುವುದು ಯಾಕೆ? ಎಲ್ಲೋ ಬಾವಿ ಆಳವಾಗಿದೆ. ಎಲ್ಲಿ ಎಂದು ಹುಡುಕಬೇಕು, ಅಷ್ಟೇ.

ನನ್ನ ಜೊತೆ ಹುಡುಕಲು ನಿಂತವರು ಚಿಲ್ಲರ್ ಮನೆಯ ಹಿರಿಯ ಆಪರೇಟರ್. ಕಾಗಿಣಾ ನದಿಯಲ್ಲಿ ಅಜ್ಜ ಮುತ್ತಜ್ಜಂದಿರ ಕಾಲದಿಂದ ದೋಣಿ ಹಾಕುತ್ತಿದ್ದ ಮನೆತನ ಅವರದು. ಸೇತುವೆಗಳಾದ ಮೇಲೆ ಒಬ್ಬೊಬ್ಬರೇ ಫ್ಯಾಕ್ಟರಿ ಸೇರಿದ್ದರು. ನಾನು ಅವರನ್ನು ಅಣ್ಣಾ ಎಂದೇ ಕರೆಯುತ್ತಿದ್ದೆ. ಅವರ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ನಾನು ಏನು ಹೇಳಿದರೂ ಮೊದಲು ವಾದ, ಆಮೇಲೆ ಕೆಲಸ.

ದೀಪಾವಳಿಯ ರಜೆಗೆ ಕಾರ್ಖಾನೆ ನಿಂತಾಗ ಮೊದಲನೇ ಚಿಲ್ಲರಿನ ಮುಚ್ಚಳ ಬಿಚ್ಚಿಸಿದೆವು. ಟವರಿನ ನೀರು ಹರಿಯುವ ತಾಮ್ರದ ಕೊಳವೆಗಳು ಸಾಲಾಗಿ ಕಂಡವು. ಅವುಗಳ ಬಾಯಿಗೆ ಟಾರ್ಚ್ ಹಿಡಿದು ನೋಡಿದರೆ ಒಳಗೆಲ್ಲ ಬೆಳ್ಳಗೆ ಗಾರೆ ಬಳಿದ ಹಾಗಿತ್ತು. ಶಹಾಬಾದ್ ಎಂದರೆ ನೆಲವೆಲ್ಲ ಸುಣ್ಣದ ಕಲ್ಲು, ಬೋರಿನ ನೀರಲ್ಲೂ ಅದೇ ಸುಣ್ಣ. ನಮ್ಮ ಮನೆಯ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಹೇಗೆ ಬಿಳಿ ಹೆಕ್ಕಳಿಕೆ ಕಟ್ಟುತ್ತದೋ ಹಾಗೆಯೇ ಇಲ್ಲೂ ಕಟ್ಟಿತ್ತು. ಆ ಪದರು ಬಿಸಿಯನ್ನು ನೀರಿಗೆ ದಾಟಲು ಬಿಡುವುದಿಲ್ಲ.

"ಇದು ಕಂಬಳಿ ಹೊದ್ದುಕೊಂಡು ಓಡಾಕತ್ತಿತ್ತು ನೋಡ್ರಿ ಮೇಡಂ!" ಎಂದು ಅಣ್ಣ ಬೆರಳಿನಿಂದ ಕೆರೆದು ತೋರಿಸಿದರು.

ಉದ್ದನೆಯ ಬ್ರಷ್ ಹಾಕಿ ಒಂದೊಂದೇ ಕೊಳವೆ ಉಜ್ಜಿಸಿದೆವು. ಬಿಳಿ ಕೆಸರು ಹೊಳೆಯಾಗಿ ಹರಿಯಿತು. ಕೊನೆಗೆ ಟಾರ್ಚ್ ಬಿಟ್ಟಾಗ ಒಳಗಿನ ತಾಮ್ರ ಹೊಸ ಕೊಡದ ಹಾಗೆ ಥಳಥಳ ಎಂದಿತು. ನಾನು ಹಬ್ಬದ ಹೊಸ ಸೀರೆ ಮನೆಯಲ್ಲಿ ಬಿಟ್ಟು, ಮೈಯೆಲ್ಲ ಸುಣ್ಣ ಮಾಡಿಕೊಂಡು ಆ ಕೊಳವೆಗಳ ಮುಂದೆ ಕೂತು ನಗುತ್ತಿದ್ದೆ. ಎರಡನೇ ಮಷೀನನ್ನೂ ಹಾಗೆಯೇ ತೊಳೆದೆವು. ರಜೆ ಮುಗಿದು ಶುರು ಮಾಡಿದ ದಿನ ಸ್ಪೀಡು ಮೊದಲ ಸಲ ತೊಂಬತ್ತಕ್ಕಿಂತ ಕೆಳಗೆ ಇಳಿಯಿತು. ಸ್ವಲ್ಪವೇ. ಆದರೆ ಇಳಿಯಿತಲ್ಲ!

ಮುಂದಿನದು ಟವರಿನ ಮೇಲಿನ ಫ್ಯಾನುಗಳು. ಬಿಸಿಯಾಗಿ ಬಂದ ನೀರನ್ನು ಗಾಳಿ ಹಾಯಿಸಿ ತಣಿಸುವ ನಾಲ್ಕು ದೊಡ್ಡ ಫ್ಯಾನು. ಅದರಲ್ಲಿ ಅಣ್ಣ ಎರಡನ್ನು ಪೂರಾ ಜೋರಿನಲ್ಲಿ ಓಡಿಸಿ, ಎರಡನ್ನು ಕರೆಂಟು ಉಳಿಯಲಿ ಎಂದು ಬಂದ್ ಇಟ್ಟಿರುತ್ತಿದ್ದರು. ಅವಕ್ಕೂ ಸ್ಪೀಡು ಕಡಿಮೆ ಮಾಡುವ ಸೌಕರ್ಯವಿತ್ತು.

"ಅಣ್ಣಾ, ನಾಲ್ಕನ್ನೂ ಅರ್ಧ ಸ್ಪೀಡಿನಾಗ ಬಿಡೋಣು," ಎಂದೆ.

"ಎರಡ್ ಎತ್ತಿನ ಬದಲಿ ನಾಲ್ಕ್ ಎತ್ತು ಕಟ್ಟಿದ್ರ ಮೇವು ಕಮ್ಮಿ ಹೆಂಗ ಆಗ್ತದ್ರಿ?"

"ಇವು ಎತ್ತಲ್ಲ ಅಣ್ಣಾ. ಫ್ಯಾನಿನ ಸ್ಪೀಡು ಅರ್ಧ ಮಾಡಿದ್ರ ಅದು ತಿನ್ನೋ ಕರೆಂಟು ಅರ್ಧ ಆಗಂಗಿಲ್ಲ, ಎಂಟನೇ ಒಂದು ಪಾಲಿಗೆ ಇಳೀತದ."

"ಸುಳ್ಳ ಹೇಳಬ್ಯಾಡ್ರಿ. ಹಂಗಿದ್ರ ದೇಶದಾಗಿನ ಮಂದೆಲ್ಲಾ ಮೆಲ್ಲಕ ಓಡಸ್ತಿರಲಿಲ್ಲೇನು?"

ಮಾತು ಬೆಳೆಸದೆ ಇಬ್ಬರೂ ಮೀಟರಿನ ಮುಂದೆ ನಿಂತೆವು. ಮೊದಲು ಎರಡು ಫ್ಯಾನಿನ ಲೆಕ್ಕ ನೋಡಿದೆವು. ಆಮೇಲೆ ಅಣ್ಣ ತಾವೇ ನಾಲ್ಕನ್ನೂ ಶುರು ಮಾಡಿ ಸ್ಪೀಡು ಇಳಿಸಿದರು. ಅಂಕಿ ಜಾರುತ್ತಾ ಜಾರುತ್ತಾ ಮೊದಲಿನದರ ಕಾಲು ಭಾಗದ ಹತ್ತಿರ ಹೋಗಿ ನಿಂತಿತು. ಗಾಳಿ ಮಾತ್ರ ಅಷ್ಟೇ. ಅಣ್ಣ ಮೀಟರಿಗೆ ಒಂದು ಸಲ ತಟ್ಟಿದರು. ಇನ್ನೊಂದು ಸಲ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಮೀಟರ್ ಸರಿ ಅದ ಅಲ್ರಿ?" ಎಂದರು. ಸರಿ ಇತ್ತು. ಅವತ್ತಿನಿಂದ ಕ್ಯಾಂಟೀನಿನಲ್ಲಿ ಯಾರು ಸಿಕ್ಕರೂ ಅವರಿಗೆ ಎಂಟನೇ ಒಂದು ಪಾಲಿನ ಪಾಠ ಹೇಳುವುದು ಅಣ್ಣನ ಕೆಲಸವಾಯಿತು. ಚಿಲ್ಲರುಗಳನ್ನೂ, ಕೆಲಸ ಕಡಿಮೆಯಿದ್ದಾಗ ಒಂದನ್ನೇ ಪೂರಾ ದುಡಿಸುವ ಬದಲು, ಎರಡನ್ನೂ ಒಟ್ಟಿಗೆ ಓಡಿಸಿ ಕೆಲಸ ಹಂಚಿದೆವು.

ಉಳಿದದ್ದು ಏಳು ಡಿಗ್ರಿ. ಅದೇ ಎಲ್ಲಕ್ಕಿಂತ ಗಟ್ಟಿ ಗೋಡೆ.

ಪಾತ್ರೆಗಳಿಗೆ ಹೋಗುವ ನೀರು ಏಳು ಡಿಗ್ರಿ ಇರಲೇಬೇಕು ಎಂದು ಯಾವಾಗಲೋ ಯಾರೋ ಇಟ್ಟಿದ್ದರು. ಯಾಕೆ ಏಳು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಅದನ್ನು ಸ್ವಲ್ಪ ಏರಿಸಿದರೂ ನಮ್ಮ ಬಾವಿ ಅಷ್ಟು ಮೇಲಕ್ಕೆ ಬರುತ್ತಿತ್ತು. ಉತ್ಪಾದನೆಯ ಮುಖ್ಯಸ್ಥರು ಆ ಏಳನ್ನು ದೇವರ ಮನೆಯ ದೀಪದ ಹಾಗೆ ಕಾಯುತ್ತಿದ್ದರು. ಚಿಂಚೋಳಿ ಕಡೆಯ ಸುಲೇಪೇಟದ ವ್ಯಾಪಾರಸ್ಥರ ಮನೆಯವರು, ಹಣೆಯ ಮೇಲೆ ಎದ್ದು ಕಾಣುವ ವಿಭೂತಿ, ಮಾತು ಮೃದು, ಪಟ್ಟು ಮಾತ್ರ ಕಲ್ಲು.

"ಸರ್, ಒಂಬತ್ತು ಡಿಗ್ರಿ ಕೊಟ್ಟು ನೋಡೋಣ್ರಿ," ಎಂದು ಅವರ ಮೇಜಿನ ಮುಂದೆ ನಿಂತೆ.

"ಕುಂದ್ರಿ ಮೇಡಂ, ಚಾ ಕುಡೀರಿ. ಒಂಬತ್ತು ಮಾತ್ರ ಕೇಳಬ್ಯಾಡ್ರಿ."

"ನಿಮ್ಮ ಪಾತ್ರಿಗಳು ಒಳಗ ಎಷ್ಟು ತಣ್ಣಗ ಇರಬೇಕು?"

"ಇಪ್ಪತ್ತೈದು ಇದ್ರ ಸಾಕು."

"ಇಪ್ಪತ್ತೈದಕ್ಕ ಏಳು ಡಿಗ್ರಿ ನೀರು ಯಾಕ್ರಿ ಸರ್?"

ಅವರು ಚಹಾ ಕಪ್ಪನ್ನು ತಟ್ಟೆಯ ಮೇಲಿಟ್ಟರು. "ಮಾಲು ಕೆಟ್ಟರ ಯಾರು ಹೊಣಿ?" ಎಂದರು.

"ನೀವೇ ಪಾತ್ರಿ ಮುಂದ ನಿಂದರ್ರಿ. ನಾ ಅರ್ಧರ್ಧ ಡಿಗ್ರಿ ಏರಸ್ತೀನಿ. ನೀವು ಸಾಕು ಅಂದ ಕೂಡ್ಲೇ ಇಳಸ್ತೀನಿ."

ಹೀಗೆ ಒಂದು ವಾರ ಚಹಾ ಕುಡಿದ ಮೇಲೆ ಒಪ್ಪಿದರು. ಡಿಸೆಂಬರಿನ ಒಂದು ಬೆಳಗ್ಗೆ ಅವರು ಪಾತ್ರೆಗಳ ಮುಂದೆ, ನಾನು ಚಿಲ್ಲರ್ ಸ್ಕ್ರೀನಿನ ಮುಂದೆ, ಕೈಯಲ್ಲಿ ಫೋನು. ಏಳೂವರೆ. "ಏನಿಲ್ಲ," ಎಂದರು. ಎಂಟು. "ಏನಿಲ್ಲ." ಎಂಟೂವರೆ ಎನ್ನುವಾಗ ಅವರ ದನಿಯಲ್ಲೂ ಏನೋ ಕುತೂಹಲ ಸೇರಿತ್ತು. ಒಂಬತ್ತಕ್ಕೆ ಬಂದಾಗ ಅವರೇ, "ಇವು ಅಲುಗಾಡವಲ್ಲವು ನೋಡ್ರಿ ಮೇಡಂ, ಇಪ್ಪತ್ತೈದು ಅಂದ್ರ ಇಪ್ಪತ್ತೈದ!" ಎಂದು ಕೂಗಿದರು.

ಇತ್ತ ಚಿಲ್ಲರ್ ಮನೆಯಲ್ಲಿ ನನ್ನ ಕಿವಿಗೆ ಏನೋ ಬೇರೆ ಕೇಳಿಸತೊಡಗಿತ್ತು. ಆ ಕಿರಿಚಾಟ ಮೆತ್ತಗಾಗುತ್ತಾ, ದಪ್ಪಗಾಗುತ್ತಾ, ಗುಂಯ್ ಎನ್ನುವ ದುಂಬಿಯ ದನಿಯಾಯಿತು. ಸ್ಪೀಡು ಎಪ್ಪತ್ತರ ಕೆಳಗೆ. ಅಣ್ಣ ಪಕ್ಕದಲ್ಲಿ ನಿಂತು ಏನೋ ಹೇಳಿದರು, ಅದು ನನಗೆ ಕೂಗದೆಯೇ ಕೇಳಿಸಿತು. ಇಬ್ಬರೂ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಗೇಟಿನಿಂದ ಫೋನು: "ಮೇಡಂ, ಚಿಲ್ಲರ್ ಬಂದ್ ಆತೇನ್ರಿ? ಆವಾಜೇ ಇಲ್ಲ!" ಅದನ್ನಿಡುವಷ್ಟರಲ್ಲಿ ಕ್ವಾರ್ಟರ್ಸಿನಿಂದ ಅಣ್ಣನ ಹೆಂಡತಿಯದು: "ಫ್ಯಾಕ್ಟರಿಗೆ ಏನಾಗ್ಯದ? ಮಂದಿ ಕಟ್ಟಿ ಮ್ಯಾಲ ಬಂದು ನಿಂತಾರ!" ಅಣ್ಣ ನಕ್ಕು ನಕ್ಕು ಉತ್ತರ ಕೊಡಲಾರದೆ ಫೋನನ್ನು ನನ್ನ ಕೈಗೆ ಕೊಟ್ಟರು.

ಆ ಸಂತೋಷ ಸಂಕ್ರಾಂತಿಯವರೆಗೆ ಇತ್ತು. ಹಬ್ಬಕ್ಕೆ ಅರ್ಧ ಮಂದಿ ರಜೆ ಹಾಕಿದ್ದರಿಂದ ಪಾತ್ರೆಗಳು ಕೆಲವೇ ನಡೆದಿದ್ದವು, ಮಷೀನುಗಳಿಗೆ ಕೆಲಸ ಕಡಿಮೆ. ಬೆಳಗಿನ ಚಳಿ ಹಲ್ಲು ಕಡಿಸುವಂತಿತ್ತು. ನಾನು ಒಳಗೆ ಕಾಲಿಟ್ಟೆನೋ ಇಲ್ಲವೋ, ಮೊದಲನೇ ಚಿಲ್ಲರ್ ಎಮ್ಮೆ ಒದರಿದ ಹಾಗೆ ಒದರಿತು. ನೆಲ ನಡುಗಿತು. ಮತ್ತೆ ಒದರಿತು. ಅಣ್ಣ ಓಡಿಬಂದು ಬಂದ್ ಗುಂಡಿ ಒತ್ತಿದರು.

ಇದಕ್ಕೆ ನಮ್ಮ ಕೆಲಸದಲ್ಲಿ ಸರ್ಜ್ ಎನ್ನುತ್ತಾರೆ. ಬಿಸಿ ಹೊತ್ತೊಯ್ಯಲೆಂದು ಮಷೀನು ತನ್ನೊಳಗೆ ಮುಂದಕ್ಕೆ ತಳ್ಳುತ್ತಿರುವ ಗ್ಯಾಸನ್ನು ಹಿಡಿದಿಡಲು ಸ್ಪೀಡು ಸಾಲದೆ ಹೋದರೆ ಅದು ತಿರುಗಿ ಹಿಂದಕ್ಕೆ ನುಗ್ಗುತ್ತದೆ. ಹಾಗೇ ಬಿಟ್ಟರೆ ಮಷೀನು ಮುರಿಯುತ್ತದೆ. ಅದೃಷ್ಟಕ್ಕೆ ಎರಡನೆಯದು ಕೆಲಸ ಹೊತ್ತುಕೊಂಡಿತು, ಮಾಲು ಕೆಡಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಮೇಲೆ ಹತ್ತಿ ನೋಡಿದರೆ ಟವರಿನ ಒಂದು ಫ್ಯಾನಿನ ಬೆಲ್ಟ್ ಹರಿದು ಬಿದ್ದಿತ್ತು. ಆದರೆ ಬರೀ ಒಂದು ಬೆಲ್ಟಿಗೆ ಇಷ್ಟಾಗಬಾರದು.

ಮ್ಯಾನೇಜರ್ ಬಂದವರೇ, "ಸಾಕು ಮೇಡಂ. ಏಳಕ್ಕ ತರ್ರಿ. ಎಲ್ಲಾ ಮೊದಲಿನಂಗ ಮಾಡ್ರಿ," ಎಂದರು. ಕೋಪವಿರಲಿಲ್ಲ, ಹೆದರಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನನ್ನ ಕೈಯಿಂದಲೇ ಏಳು ಎಂದು ಒತ್ತಿದೆ. ಮಷೀನುಗಳು ಮತ್ತೆ ಕಿರುಚತೊಡಗಿದವು. ಆ ಸಂಜೆ ಮನೆಯಲ್ಲಿ ಎಳ್ಳುಬೆಲ್ಲದ ತಟ್ಟೆ ಹಾಗೇ ಇಟ್ಟು ಮಲಗಿಬಿಟ್ಟೆ.

ಗಂಡ ಡ್ಯೂಟಿಯಿಂದ ಬಂದು ಕೇಳಿದರು, ಹೇಳಿದೆ. "ಸಿಗ್ನಲ್ ತಪ್ಪು ತೋರಿಸಿದ್ರ ಗಾಡಿದೇನ್ ತಪ್ಪು?" ಎಂದರು ಸುಮ್ಮನೆ, ಸಮಾಧಾನಕ್ಕೆ. ಆ ಮಾತನ್ನು ಆಗ ನಾನು ಕಿವಿಗೂ ಹಾಕಿಕೊಳ್ಳಲಿಲ್ಲ.

ಎರಡು ಮೂರು ದಿನ ಬಿಟ್ಟು, ಇನ್ನೂ ಬಿಸಿಲು ಏರದ ಹೊತ್ತಿನಲ್ಲಿ ಟವರಿನ ಕೆಳಗೆ ನಡೆಯುತ್ತಿದ್ದೆ. ಬೆರಳು ಮರಗಟ್ಟಿದ್ದವು. ಟವರಿನಿಂದ ಚಿಲ್ಲರಿಗೆ ಹೋಗುವ ದಪ್ಪ ಪೈಪಿನ ಮೇಲೆ ಸುಮ್ಮನೆ ಕೈಯಿಟ್ಟೆ. ಹಿತವಾಗಿ ಬೆಚ್ಚಗಿತ್ತು. ಇನ್ನೊಂದು ಕೈಯನ್ನೂ ಇಟ್ಟು ಕಾಯಿಸಿಕೊಳ್ಳುತ್ತಾ ನಿಂತವಳಿಗೆ ಥಟ್ಟನೆ ಹೊಳೆಯಿತು. ಬೆಚ್ಚಗೆ ಯಾಕಿದೆ? ಒಳಗೆ ಸ್ಕ್ರೀನಿನಲ್ಲಿ ಈ ನೀರು ಇಪ್ಪತ್ತರ ಹತ್ತಿರ ತೋರಿಸುತ್ತಿದೆಯಲ್ಲ!

ಓಡಿದೆ. ಒಂದು ಲೋಟ ಮತ್ತು ಥರ್ಮಾಮೀಟರ್ ತಂದು, ಪೈಪಿನ ಸಣ್ಣ ನಳ ತಿರುವಿ ನೀರು ಹಿಡಿದೆ. ಇಪ್ಪತ್ತಾರು. ಮತ್ತೆ ಹಿಡಿದೆ. ಇಪ್ಪತ್ತಾರೇ. "ಅಣ್ಣಾ, ಬರ್ರಿ, ಲಗೂನ ಬರ್ರಿ!" ಎಂದು ನಾನು ಕೂಗಿದ್ದು ಗೇಟಿನವರೆಗೆ ಕೇಳಿಸಿತಂತೆ.

ಪೈಪಿನೊಳಗೆ ಸೆನ್ಸರ್ ಇಡಲು ಬೆರಳುದ್ದದ ಒಂದು ಗೂಡಿರುತ್ತದೆ. ಅದರಲ್ಲಿ ಬಿಸಿ ಸರಿಯಾಗಿ ತಾಗಲೆಂದು ಒಂದು ಬಗೆಯ ಲೇಪ ತುಂಬಿ ಸೆನ್ಸರನ್ನು ಗಟ್ಟಿಯಾಗಿ ಕೂಡಿಸಬೇಕು. ಬಿಚ್ಚಿ ನೋಡಿದರೆ ಗೂಡು ಒಣಗಿತ್ತು, ಸೆನ್ಸರ್ ಅರ್ಧ ಹೊರಗೆ ಜಾರಿ ನಿಂತಿತ್ತು. ಅದು ನೀರನ್ನಲ್ಲ, ಹೊರಗಿನ ಚಳಿಗಾಳಿಯನ್ನು ಅಳೆಯುತ್ತಿತ್ತು. ಎಷ್ಟು ನಿಧಾನ ಓಡಬಹುದು ಎಂದು ನಮ್ಮ ಚಿಲ್ಲರ್ ತೀರ್ಮಾನಿಸುತ್ತಿದ್ದುದು ಆ ಅಂಕಿಯನ್ನು ನಂಬಿಯೇ. ಅವತ್ತು ಬೆಲ್ಟ್ ಹರಿದು ನೀರು ಬೆಚ್ಚಗಾದರೂ ಅದಕ್ಕೆ ಗೊತ್ತಾಗದೆ ನಿಧಾನವಾಗುತ್ತಲೇ ಹೋಗಿತ್ತು.

"ಅಂದ್ರ ಮಷೀನ್ ನಿರಪರಾಧಿ!" ಎಂದರು ಅಣ್ಣ, ಕೋರ್ಟಿನಲ್ಲಿ ನಿಂತವರ ಹಾಗೆ.

ಆದರೂ ಮ್ಯಾನೇಜರ್ ಕೋಣೆಗೆ ಹೋಗುವಾಗ ನನಗೆ ಅನುಮಾನವೇ ಇತ್ತು. ಒಮ್ಮೆ ಹೆದರಿದವರು ಇನ್ನೊಮ್ಮೆ ಯಾಕೆ ಒಪ್ಪುತ್ತಾರೆ? ಒಳಗೆ ಉತ್ಪಾದನೆಯ ಮುಖ್ಯಸ್ಥರಾದ ಆ ಸುಲೇಪೇಟದವರೂ ಕೂತಿದ್ದರು. ಮುಗಿಯಿತು ಎಂದುಕೊಂಡೆ. ನಾನು ಸೆನ್ಸರಿನ ಕಥೆ ಹೇಳಿ ಮುಗಿಸಿದೆ. ಮ್ಯಾನೇಜರ್ ಮುಖ್ಯಸ್ಥರ ಕಡೆ ನೋಡಿದರು.

"ಒಂಬತ್ತು ಡಿಗ್ರಿ ನೀರಿನಾಗ ಆದ ಮಾಲೆಲ್ಲಾ ಲ್ಯಾಬಿನಾಗ ಪಾಸ್ ಆಗ್ಯದ್ರಿ," ಎಂದರು ಅವರು ನಿಧಾನವಾಗಿ. "ಏಳಕ್ಕೂ ಒಂಬತ್ತಕ್ಕೂ ನನಗ ಫರಕೇ ಕಾಣಲಿಲ್ಲ. ಇಷ್ಟು ವರ್ಷ ನಾ ಸುಮ್ಮನ ಕಾದೀನಿ ಆ ಏಳನ್ನ. ಮೇಡಂ ಮತ್ತ ಏರಸಲಿ. ಪಾತ್ರಿ ಮುಂದ ನಾ ನಿಂದರ್ತೀನಿ."

ನನ್ನ ಕಣ್ಣು ತುಂಬಿ ಬಂದವು. ಅವರು ಅದನ್ನು ಗಮನಿಸದವರ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು.

ಈ ಸಲ ಅವಸರ ಮಾಡಲಿಲ್ಲ. ಎಲ್ಲ ಸೆನ್ಸರುಗಳನ್ನೂ ಲೋಟದ ನೀರಿನ ಜೊತೆ ಹೋಲಿಸಿ ನೋಡಿದೆವು. ಫ್ಯಾನಿನ ಬೆಲ್ಟ್ ಹರಿದರೆ ಗಂಟೆ ಹೊಡೆಯುವಂತೆ ಮಾಡಿದೆವು. ಮಷೀನಿನ ಸ್ಪೀಡು ಒಂದು ಮಿತಿಗಿಂತ ಕೆಳಗೆ ಇಳಿಯದಂತೆ ಕಟ್ಟಿದೆವು. ಆಮೇಲೆ ಅರ್ಧರ್ಧ ಡಿಗ್ರಿ. ಮಾರ್ಚ್ ಬರುವಷ್ಟರಲ್ಲಿ ದುಂಬಿಯ ದನಿ ಖಾಯಂ ಆಯಿತು.

"ಚಳಿಗಾಲದಾಗ ಯಾರಾದ್ರೂ ಮಾಡ್ತಾರ. ಏಪ್ರಿಲ್ ಬರ್ಲಿ, ಆವಾಗ ನೋಡೋಣು," ಎಂದು ಕ್ಯಾಂಟೀನಿನಲ್ಲಿ ಮಾತು. ನಮ್ಮ ಕಡೆಯ ಏಪ್ರಿಲ್ ಎಂದರೆ ಮಧ್ಯಾಹ್ನ ನಾಯಿಯೂ ರಸ್ತೆ ದಾಟುವುದಿಲ್ಲ. ಆದರೆ ನನಗೆ ಒಳಗೊಳಗೇ ಒಂದು ಧೈರ್ಯವಿತ್ತು. ನಮ್ಮ ಬಿಸಿಲು ಒಣ ಬಿಸಿಲು. ಬಿಸಿಗಾಳಿ ಬೀಸಿದಷ್ಟೂ ಆಡಕಿಯ ಮನೆಯ ಮಣ್ಣಿನ ಗಡಗಿಯಲ್ಲಿ ನೀರು ತಣ್ಣಗಾಗುತ್ತಿತ್ತು, ಮಳೆಗಾಲದಲ್ಲೇ ಅದು ಅಷ್ಟು ತಣಿಯುತ್ತಿರಲಿಲ್ಲ. ಟವರ್ ಎಂದರೆ ದೊಡ್ಡದೊಂದು ಗಡಗಿಯೇ ಅಲ್ಲವೇ?

ಆ ವರ್ಷದ ಅತಿ ಕೆಟ್ಟ ಬಿಸಿಲು ಎಂದು ಎಲ್ಲರೂ ಬೈದುಕೊಂಡ ಒಂದು ಮಧ್ಯಾಹ್ನ ಮ್ಯಾನೇಜರ್, ಸುಲೇಪೇಟದವರು, ಕ್ಯಾಂಟೀನಿನಲ್ಲಿ ವಾದ ಮಾಡಿದವರು, ಎಲ್ಲ ಚಿಲ್ಲರ್ ಮನೆಯಲ್ಲಿ ಬಂದು ನಿಂತರು. ಎಲ್ಲ ಪಾತ್ರೆಗಳೂ ನಡೆಯುತ್ತಿದ್ದವು. ಅಣ್ಣ ಟವರಿನ ನೀರನ್ನು ಲೋಟದಲ್ಲಿ ಹಿಡಿದು ಒಬ್ಬೊಬ್ಬರ ಕೈಮೇಲೆ ಸುರಿದರು. "ತಣ್ಣಗ ಅದ ನೋಡ್ರಿ!" ಎಂದು ಒಬ್ಬರು ಬೆರಗಾದರು. ಸ್ಕ್ರೀನಿನಲ್ಲಿ ಎರಡೂ ಚಿಲ್ಲರುಗಳ ಸ್ಪೀಡು ಎಂಬತ್ತನ್ನು ಮುಟ್ಟಿರಲಿಲ್ಲ. ಮ್ಯಾನೇಜರ್ ಮೀಟರಿನ ಹತ್ತಿರ ಹೋಗಿ, ಕನ್ನಡಕ ತೆಗೆದು, ಹಾಕಿ, ಮತ್ತೆ ನೋಡಿದರು. ಆಮೇಲೆ ಸೀದಾ ಬಂದು ಅಣ್ಣನ ಕೈ ಹಿಡಿದು ಕುಲುಕಿದರು, ನನ್ನ ಕೈಯನ್ನೂ. ಕಟ್ಟಡ ಎದ್ದರೂ ಕರೆಂಟು ಸಾಲದೆಂದು ಬೀಗ ಬಿದ್ದಿದ್ದ ಪುಡಿ ಒಣಗಿಸುವ ವಿಭಾಗವನ್ನು ಈ ಉಳಿತಾಯದಲ್ಲೇ ಶುರು ಮಾಡೋಣ ಎಂದು ಅಲ್ಲೇ ಘೋಷಿಸಿದರು. ಜೂನಿನಲ್ಲಿ ಅದು ಶುರುವೂ ಆಯಿತು. ವಾಡಿ, ಚಿತ್ತಾಪುರ ಕಡೆಯ ಎಷ್ಟೋ ಹೆಣ್ಣುಮಕ್ಕಳಿಗೆ ಅಲ್ಲಿ ಕೆಲಸ ಸಿಕ್ಕಿತು.

ಮ್ಯಾನೇಜರ್ ಕೈ ಕುಲುಕಿದ ದಿನದ ಸಂಜೆ, ವಾಡಿಗೆ ಮರಳುವ ಪ್ಯಾಸೆಂಜರ್ ಗಾಡಿಯಲ್ಲಿ ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಕಿಟಕಿಯ ಹೊರಗೆ ಕಲ್ಲಿನ ಗಣಿಗಳು, ಕಾದ ಬಯಲು, ಎಲ್ಲವೂ ಚೆಂದ ಕಾಣುತ್ತಿದ್ದವು. ಎದುರಿಗೆ ಖಾಲಿ ಸೌತೆಕಾಯಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ನನ್ನನ್ನೇ ನೋಡುತ್ತಿದ್ದಳು.

"ಏನವ್ವಾ, ಒಬ್ಬಾಕೀನ ನಗಲಿಕತ್ತಿ? ಮನ್ಯಾಗ ಏನರ ಶುಭ ಕಾರ್ಯ ಅದ ಏನು?"

"ಇಲ್ಲಬೇ ಆಯಿ. ನಮ್ಮ ಫ್ಯಾಕ್ಟರ್ಯಾಗ ಮಷೀನು ಮೆಲ್ಲಕ ಓಡಾಕತ್ತದ."

ಮುದುಕಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. "ಮಂದಿ ಜೋರ್ ಓಡಿದ್ರ ಖುಷಿ ಪಡ್ತಾರ. ನಿಂದೇನು ತಿರುಗಾಮುರುಗಾ?"

ನಾನು ಮುಂದಕ್ಕೆ ಬಾಗಿ ಬಾವಿ, ಹಗ್ಗ, ಗಡಗಿ ಎಲ್ಲ ಹೇಳಲು ಶುರು ಮಾಡಿದೆ. ಆಕೆ ಕಾಲು ಮಡಚಿ ಸರಿಯಾಗಿ ಕೂತು, "ಹೂಂ, ಆಮ್ಯಾಲ?" ಎಂದಳು.